ಹೋಳಿಗೆ ಡಬ್ಬಿಯ ಮುಚ್ಚಳ

ನಿಶ್ಚಯ ಮುರಿದ ಮೂರನೇ ದಿನ ಹುಡುಗನ ಮನೆಯಿಂದ, ಕಟಕೋಳದಿಂದ, ಸಾಮಾನು ವಾಪಸು ಬಂದವು. ಹುಡುಗನಿಗೆ ಕೊಟ್ಟಿದ್ದ ಬಟ್ಟೆ, ವಾಚು, ಐವತ್ತು ಶೇಂಗಾ ಹೋಳಿಗೆ ತುಂಬಿ ಕಳಿಸಿದ್ದ ಸ್ಟೀಲಿನ ಡಬ್ಬಿ. ನನ್ನ ತಂಗಿ ಲಗಮವ್ವ ಎಲ್ಲವನ್ನೂ ಪಡಸಾಲೆಯಲ್ಲಿ ಹರವಿಕೊಂಡು ಕೂತು, "ಡಬ್ಬಿ ಮುಚ್ಚಳ ಎಲ್ಲೈತಿ?" ಎಂದಳು. ಅಲ್ಲಿಂದ ಶುರುವಾಯಿತು.

ಮುರಿದವಳು ಅವಳ ಮಗಳು ಶಿವಾನಿಯೇ. ಹುಡುಗನಿಗೆ ಫೋನು ಮಾಡಿ "ಬ್ಯಾಡ" ಅಂದು ಕೋಣೆ ಸೇರಿದವಳು ಯಾರ ಜೊತೆಗೂ ಮಾತಾಡಿರಲಿಲ್ಲ. ಅವಳ ಅಪ್ಪ ಅಂದಾನೆಪ್ಪ, "ಹುಡುಗಾಟಕಿ ಬುದ್ಧಿ. ಅಮಾಸಿ ಆದಮ್ಯಾಲೆ ನಾ ಹೋಗಿ ಕೈಕಾಲು ಹಿಡದು ಮತ್ತ ಕೂಡಸ್ತೇನಿ" ಎಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಅಮಾವಾಸ್ಯೆಗೆ ಒಂಬತ್ತು ದಿನವಿತ್ತು. ಅಷ್ಟರೊಳಗೆ ಯಾಕೆ ಬೇಡ ಎಂದು ಹುಡುಗಿಯನ್ನು ಯಾರಾದರೂ ಕೇಳಬೇಕಿತ್ತು. ನಾನು ಕೇಳಿದೆ. "ಅವ್ವಗ ಹೇಳ್ತೇನಿ ದೊಡ್ಡವ್ವಾ" ಅಂದಳು. ಅವ್ವ ಕೇಳಬೇಕಲ್ಲ! ಅವ್ವನಿಗೆ ಮುಚ್ಚಳದ ಚಿಂತೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ನಾಲ್ಕು ದಿನ ಅವಳ ಬಾಯಲ್ಲಿ ಬೇರೆ ಮಾತಿಲ್ಲ. ಆ ಡಬ್ಬಿಗೆ ಬೇರೆ ಮುಚ್ಚಳ ಹತ್ತುವುದಿಲ್ಲವಂತೆ. ಬರಿದು ಡಬ್ಬಿ ಕಳಿಸಿದ್ದಾರಂತೆ, ಒಂದು ಚಿಟಿಕೆ ಸಕ್ಕರೆ ಹಾಕಿ ಕಳಿಸುವ ರೀತಿಯೂ ಗೊತ್ತಿಲ್ಲವಂತೆ. "ಬಜಾರದಾಗ ಹೊಸಾದ ತರೂಣು ನಡಿ" ಎಂದರೆ ನನ್ನ ಮೇಲೆಯೇ ಹರಿಹಾಯ್ದಳು. ಹಾಗಂತ ಅವಳನ್ನು ಪೂರಾ ಬೈಯುವ ಹಕ್ಕು ನನಗೂ ಇಲ್ಲ. ನನ್ನ ಗಂಡ ತೀರಿದ ದಿನ, ಹೆಣ ಒಳಗಿರುವಾಗ, ನಾನು ಅಂಗಳದಲ್ಲಿ ಕೂತು ಬಂದವರ ಚಪ್ಪಲಿ ಜೋಡಿಸುತ್ತಿದ್ದೆ. ಒಂದು ಒಂಟಿಯಾಗಿ ಉಳಿಯಿತು. ಅದರ ಜೋಡಿ ಸಿಗುವವರೆಗೆ ನನಗೆ ಅಳು ಬರಲಿಲ್ಲ.

ಐದನೇ ದಿನ ಲಗಮವ್ವ ಕಟಕೋಳಕ್ಕೆ ಹೊರಟೇಬಿಟ್ಟಳು. "ಅಡಿಕಿಗೆ ಹೋದ ಮಾನ ಆನಿ ಕೊಟ್ರೂ ಬರೂದಿಲ್ಲ, ಸುಮ್ನ ಕುಂದರ" ಎಂದೆ. ಕೇಳಲಿಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆ, ತಡೆಯಲು ಆ ನೆಪವೂ ಇಲ್ಲ. ನಾನೂ ಬೆನ್ನು ಹತ್ತಿದೆ. ಬೈಲಹೊಂಗಲದಿಂದ ಯರಗಟ್ಟಿ, ಅಲ್ಲಿ ಬಸ್ಸು ಬದಲಿ. ಮುಚ್ಚಳ ಹಾಕಿ ನೋಡಲೆಂದು ಆ ಬರಿದು ಡಬ್ಬಿಯನ್ನು ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

ಹುಡುಗನ ತಾಯಿ ಸೀತವ್ವ ನಮ್ಮನ್ನು ಕಂಡು ಗಾಬರಿಯಾದಳು, ಆಮೇಲೆ ಮುಖ ಅರಳಿತು. ಕಾಲಿಗೆ ನೀರು, ಚಹಾ, ಅವಲಕ್ಕಿ, ಭಾರೀ ಉಪಚಾರ. ಹೆಣ್ಣಿನ ಕಡೆಯವರು ತಾವಾಗಿ ಬಂದರೆ ಮತ್ತೆ ಯಾತಕ್ಕೆ ಬಂದಾರು? ಬೇಡಿಕೊಳ್ಳಲು ಬಂದಿದ್ದೇವೆ ಎಂದೇ ತಿಳಿದಿದ್ದರು. ಹುಡುಗ ಕಲ್ಮೇಶನೂ ಬಂದು ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ.

"ಹುಡುಗ್ರು ಒಂದ್ ಮಾತು ಅಂತಾವ. ದೊಡ್ಡವ್ರು ನಾವು ಮನಸಿಗೆ ಹಚ್ಕೋಬಾರ್ದು," ಅಂದಳು ಸೀತವ್ವ. "ಏನಂತೀರಿ ಬೀಗ್ರ?"

"ಡಬ್ಬಿ ಮುಚ್ಚಳ ಕೊಡ್ರಿ," ಅಂದಳು ಲಗಮವ್ವ.

ಸೀತವ್ವ ನಕ್ಕಳು. "ಕೊಡೂಣಲ್ರಿ. ಮದ್ಲ ಚಾ ಕುಡೀರಿ. ಲಗ್ನದ ತಾರೀಖು..."

"ಮುಚ್ಚಳ ಒಳಗೈತೇನು ನೋಡ್ರಿ."

ನಾಚಿಕೆಯಿಂದ ನಾನು ನೆಲ ನೋಡಿದೆ. ಕಲ್ಮೇಶ ಎದ್ದು ತಾಯಿಯ ಕಡೆ ತಿರುಗಿದ. "ಒಂದ್ ಕೆಲಸಾನರ ನೆಟ್ಟಗ ಮಾಡಾಕ ಬರ್ತೈತೇನು ನಿನಗ?" ಧ್ವನಿ ಏರಿರಲಿಲ್ಲ. ಮುಚ್ಚಳ ಅವಳ ತಲೆಯ ಮೇಲಿನ ಹಲಗೆಯಲ್ಲೇ ಇತ್ತು. ತೆಗೆಯಲು ಅವನು ಕೈ ಎತ್ತಿದನಷ್ಟೆ, ಸೀತವ್ವ ಥಟ್ಟನೆ ಮೊಣಕೈ ಅಡ್ಡ ತಂದು ಮುಖ ಮುಚ್ಚಿಕೊಂಡಳು. ಆಮೇಲೆ ಸೆರಗು ಸರಿಮಾಡಿಕೊಂಡವಳ ಹಾಗೆ ಮಾಡಿದಳು. ಕಲ್ಮೇಶ ಮುಚ್ಚಳ ಇಳಿಸಿ ಕೊಟ್ಟ. ಲಗಮವ್ವ ಮುಚ್ಚಳ ಒತ್ತಿ ನೋಡಿ, "ಬರ್ತೇವ್ರಿ" ಎಂದು ಎದ್ದಳು.

ಬಸ್ಸಿನಲ್ಲಿ ಕೂತ ಮೇಲೆ ಕೇಳಿದೆ: "ನೋಡಿದೇನು?"

"ಒಂದ್ ಕಡೆ ನೆಗ್ಗೇತಿ," ಎಂದು ಮುಚ್ಚಳದ ಅಂಚು ಸವರಿದಳು.

ನನ್ನ ಪಿತ್ತ ನೆತ್ತಿಗೇರಿತು. "ಹಾಳಾಗಿ ಹೋಗ್ಲಿ ನಿನ್ನ ಮುಚ್ಚಳ! ಹಡದ ಮಗಳನ್ನ ಒಮ್ಮೆರ ಕೇಳಿಯೇನು, ಯಾಕ ಬ್ಯಾಡ ಅಂದಿ ಅಂತ?"

ಅವಳು ಕಿಟಕಿಯ ಕಡೆ ತಿರುಗಿದಳು. ಯರಗಟ್ಟಿ ಬರುವ ಹೊತ್ತಿಗೆ ಬಾಯಿ ಬಿಟ್ಟಳು. "ಕೇಳಿದ್ರ ಅಕಿ ಹೇಳತಾಳ. ಹೇಳಿದ ಮ್ಯಾಲೆ ನಾ ಏನರ ಮಾಡಬೇಕಾಗತೈತಿ. ಮುಚ್ಚಳ ಆದ್ರ ಹೋಗಿ ತರಬಹುದು ಅಕ್ಕಾ."

ಮನೆಗೆ ಬಂದವಳು ಕೈಕಾಲು ತೊಳೆಯದೆ ಕೋಣೆಗೆ ಹೋಗಿ ಮಗಳ ಮಂಚದ ತುದಿಗೆ ಕೂತಳು. ನಾನು ಬಾಗಿಲಲ್ಲಿ ನಿಂತೆ.

"ಯಾಕ ಬ್ಯಾಡ ಅಂದಿ?"

ಶಿವಾನಿ ಎದ್ದು ಕೂತಳು. "ನಿಶ್ಚಯದ ದಿನ ಅವರವ್ವನ ಕೈಯಾಗಿನ ತಾಟು ಬಿತ್ತಲ್ಲ, ಅವ ಬರೇ ಎದ್ದು ನಿಂತ. ಅಕಿ ಎರಡೂ ಕೈಲೆ ತಲಿ ಮುಚ್ಕೊಂಡ್ಲು. ಮಂದಿಯೆಲ್ಲಾ ನಗಾಕ ಹತ್ತಿತ್ತು. ನಾ ಒಬ್ಬಾಕೇ ನೋಡಿದ್ನಿ ಅನ್ಕೊಂಡೆ."

"ನಾನೂ ನೋಡಿದ್ನಿ," ಅಂದಳು ಲಗಮವ್ವ. "ನೋಡಿ, ನಿನ್ನ ಸೀರಿ ನಿರಗಿ ಸರಿ ಇಲ್ಲಂತ ಬೈಕೋತ ನಿಂತ್ನಿ."

"ನೋಡಿದ್ರೂ ಸುಮ್ನಿದ್ದೇನವ್ವಾ?"

ಲಗಮವ್ವ ಅಳತೊಡಗಿದಳು, ಇಷ್ಟು ದಿನದ್ದನ್ನೆಲ್ಲ ಒಮ್ಮೆಲೇ. ಅಷ್ಟರಲ್ಲಿ ಹೊರಗಿನಿಂದ ಅಂದಾನೆಪ್ಪನ ದನಿ ಕೇಳಿತು: "ಏನಂದ್ರ ಕಟಕೋಳದವ್ರು? ಅಮಾಸಿಗೆ ಹೋಗ್ಲೇನು ನಾ?"

"ಹೋದ್ರ ಹೊಳ್ಳಿ ಈ ಮನಿಗೆ ಬರಬ್ಯಾಡ್ರಿ," ಎಂದು ಅವಳು ಅಳುತ್ತಲೇ ಕೂಗಿದಳು. "ನನ್ನ ಮಗಳನ್ನ ನಾ ಕೊಡೂದಿಲ್ಲ."