ಮೊಳೆಯ ಮೇಲಿಲ್ಲದ ಕೀಲಿ

ರೆಜಿಸ್ ಎರಡೂ ಕೈ ಎತ್ತಿ, ಬಾ ಬಾ, ಇನ್ನೊಂಚೂರು ಎಡಕ್ಕೆ ಎಂದು ಸನ್ನೆ ಮಾಡುತ್ತ ಶವದ ವ್ಯಾನನ್ನು ಹಿಮ್ಮುಖವಾಗಿ ಬಿಡಿಸಿಕೊಂಡು ಬರುತ್ತಿದ್ದ. ಕಾಲುವೆಯ ದಂಡೆಯ ಮೇಲಿನ ಈ ದಾರಿ ಸೈಕಲಿನವರದು. ನೀರು ಏರಿಸಿ ಇಳಿಸಿ ದೋಣಿ ದಾಟಿಸುವ ಗೇಟಿನ ಪಕ್ಕದ ಮನೆಯ ಮುಂದೆ ವ್ಯಾನು ತಿರುಗಿಸುವಷ್ಟು ಜಾಗವಿಲ್ಲ. ಒಂದು ಕಡೆ ನೀರು, ಇನ್ನೊಂದು ಕಡೆ ನೋರ್ಬೆರನ ದ್ರಾಕ್ಷಿ ಸಾಲು. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, ಇಪ್ಪತ್ತು ವರ್ಷದಲ್ಲಿ ತಾನು ಯಾರನ್ನೂ ನೀರಿಗೆ ಬೀಳಿಸಿಲ್ಲ, ಇವತ್ತು ಶುರು ಮಾಡುವ ಆಸೆಯೂ ಇಲ್ಲ ಎಂದ. ಚೀಲ ಕಟ್ಟಿಕೊಂಡು ಸೈಕಲಿನಲ್ಲಿ ಬಂದ ಗಂಡಹೆಂಡಿರಿಬ್ಬರು ವ್ಯಾನನ್ನು ಕಂಡು ಇಳಿದು, ಹೆಲ್ಮೆಟ್ ತೆಗೆದು, ದ್ರಾಕ್ಷಿ ಬಳ್ಳಿಗೆ ಒತ್ತಿಕೊಂಡು ನಿಂತರು.

ಗಾಸ್ಪಾರ್ ಇದ್ದಿದ್ದರೆ ಅವರ ಬಾಟಲಿಗೆ ನೀರು ತುಂಬಿಸದೆ ಬಿಡುತ್ತಿರಲಿಲ್ಲ. ಗಾಸ್ಪಾರ್ ಈಗ ಒಳಗೆ ಪೆಟ್ಟಿಗೆಯಲ್ಲಿದ್ದ.

ಅಡುಗೆಮನೆಯ ಮೇಜಿನ ಮೇಲೆ ಮನೆಯ ಡ್ರಾಯರುಗಳೆಲ್ಲ ಬೋರಲಾಗಿ ಬಿದ್ದಿದ್ದವು. ಗಾಸ್ಪಾರನ ಹೆಂಡತಿ ಸೊಲಾಂಜ್ ಕರಿ ಕೋಟು ತೊಟ್ಟು, ಹಳೆ ಸ್ಕ್ರೂ, ದಾರದುಂಡೆ, ಪಂಕ್ಚರ್ ಅಂಟುಗಳ ನಡುವೆ ಬೆರಳಾಡಿಸುತ್ತಿದ್ದಳು. ಪೆಟ್ಟಿಗೆಗೆ ಮೊಳೆ ಹೊಡೆಯುವ ಮುಂಚೆ ಸೂಟಿನ ಜೇಬುಗಳನ್ನೂ ನೋಡಿಸಿದ್ದಳಂತೆ.

"ಸರಪಳಿ ಕತ್ತರಿಸಿದ್ದಾಯ್ತು, ಅದರ ಕೀಲಿ ಮಾತ್ರ ಸಿಕ್ಲಿಲ್ಲ ರೆಜಿಸ್," ಎಂದಳು. "ನಲವತ್ತು ವರ್ಷ ಸಂಸಾರ ಮಾಡ್ದೆ. ಇಡೋ ಜಾಗದಲ್ಲಿ ಒಂದು ವಸ್ತು ಇಟ್ಟೋನಲ್ಲ. ಕೊನೆಗೆ ಅದೇ ತಿಂತು ಅವನ್ನ."

ಬಾಗಿಲ ಬಳಿ ನಿಂತಿದ್ದ ನೋರ್ಬೆರ್, ಸ್ವರ್ಗದ ಬಾಗಿಲಲ್ಲೂ ಮುದುಕ ಜೇಬು ತಡಕಾಡುತ್ತ ನಿಂತಿರುತ್ತಾನೆ ಎಂದ. ಒಂದಿಬ್ಬರು ನಕ್ಕರು. ರೆಜಿಸ್ ನಗಲಿಲ್ಲ. ಸೊಲಾಂಜ್ ಅವನ ತೋಳು ಹಿಡಿದಳು.

"ನೀನು ನನ್ನ ಪಕ್ಕದಲ್ಲೇ ನಡೀಬೇಕು. ನಮಗೆ ಇನ್ಯಾರಿದಾರೆ? ಕೊನೇ ಮಾತು ನಿನ್ನ ಹೆಸರೇ ಅಲ್ವಾ ಬಂದಿದ್ದು. ನಾನು ಕೀಲಿ ಎಲ್ಲಿ ಅಂತ ಕೂಗ್ತಾ ಇದ್ದೆ, ಅವನು ರೆಜಿಸ್, ರೆಜಿಸ್ ಅಂದ. ಅಷ್ಟು ಬೇಕಾಗಿದ್ದೆ ನೀನು ಅವನಿಗೆ."

ರೆಜಿಸ್ ತಲೆಯಾಡಿಸಿದ. ಅವನ ಕೋಟಿನ ಒಳಜೇಬಿನಲ್ಲಿ ಕೀಲಿ ಇತ್ತು.

*

ಮೂವತ್ತೊಂದು ವರ್ಷ ಗಾಸ್ಪಾರ್ ಆ ಗೇಟಿನ ಹಿಡಿ ತಿರುಗಿಸಿದ. ಹುಟ್ಟಿದ್ದು ಮೂರು ಗೇಟು ಆಚೆ, ಮದುವೆಯಾದದ್ದು ಎರಡು ಗೇಟು ಈಚೆ. ಸರಕಿನ ದೋಣಿಗಳು ನಿಂತುಹೋಗಿ, ಕುದುರೆ ದೋಣಿ ಎಳೆಯುತ್ತಿದ್ದ ದಾರಿಗೆ ಡಾಂಬರು ಬಂದು ಸೈಕಲಿನವರು ಬರತೊಡಗಿದಾಗ ಅವನಿಗೆ ನಿವೃತ್ತಿಯಾಗಿತ್ತು. ಆದರೂ ಬೆಳಗೆದ್ದು ಬರಲಿನ ಪೊರಕೆ ಹಿಡಿದು ಎರಡು ಕಿಲೋಮೀಟರು ಗುಡಿಸುತ್ತಿದ್ದ. ಪಂಕ್ಚರ್ ಹಾಕಲು ಅವನಿಗೆ ಏಳು ನಿಮಿಷ ಸಾಕು, ಹಾಕುತ್ತ ಮಾತಾಡಲು ಮುಕ್ಕಾಲು ಗಂಟೆ ಬೇಕು. ಸಂಜೆ ತನ್ನ ಹಳೆ ಸೈಕಲಿನಲ್ಲಿ ಮುಂದಿನ ಗೇಟಿನವರೆಗೆ ಹೋಗಿ ಬರುತ್ತಿದ್ದ. ಅದಕ್ಕಿಂತ ದೂರ ಹೋದವನಲ್ಲ. ಮುಂದಕ್ಕೂ ಇದೇ ನೀರು ತಾನೇ ಇರೋದು ಎನ್ನುತ್ತಿದ್ದ.

ಆರು ವರ್ಷದ ಹಿಂದೆ, ದ್ರಾಕ್ಷಿ ಕೊಯ್ಲಿನ ಗಡಿಬಿಡಿಯಲ್ಲಿ, ಹತ್ತಿರದ ದಾರಿಯೆಂದು ಯಾರದೋ ಟ್ರಾಕ್ಟರು ದಂಡೆಯ ಮೇಲೆ ಬಂತು. ಡೆನ್ಮಾರ್ಕಿನ ಟೀಚರಮ್ಮ ಒಬ್ಬಳು ಸೈಕಲಿನ ಸಮೇತ ಅದರ ಟ್ರೇಲರಿನ ಕೆಳಗೆ ಹೋದಳು. ಗಾಸ್ಪಾರ್ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಉಸಿರು ನಿಲ್ಲುವತನಕ ಕೂತಿದ್ದ. ಆಮೇಲೆ ಕಾಲುವೆ ಕಚೇರಿಗೆ ಹನ್ನೊಂದು ಕಾಗದ ಬರೆದ. ಗಾಡಿಗಳನ್ನು ತಡೆಯಲು ದಾರಿಗೆ ಅಡ್ಡಕಂಬಿ ಬಂತು. ಆದರೆ ಅದನ್ನು ತೆಗೆಯುವ ಮುಮ್ಮೂಲೆ ಕೀಲಿ ಸರ್ಕಾರದ್ದು, ದೇಶಕ್ಕೆಲ್ಲ ಒಂದೇ. ಅಂಗಡಿಯಲ್ಲೂ ಸಿಗುವಂಥದು, ತೋಟದವರ ಟೂಲ್‌ಬಾಕ್ಸಿನಲ್ಲೆಲ್ಲ ಒಂದೊಂದು ಇತ್ತು. ಟ್ರಾಕ್ಟರುಗಳು ಮತ್ತೆ ಬಂದವು.

ಆಗ ಗಾಸ್ಪಾರ್ ಮತ್ತು ರೆಜಿಸ್, ಒಂದೇ ಕಾಲುವೆಯಲ್ಲಿ ದುಡಿದ ಗೆಳೆಯರು, ತಮ್ಮದೇ ಒಂದು ಸರಪಳಿ ಸುತ್ತಿ ಬೀಗ ಜಡಿದರು. ಕಚೇರಿಗೆ ಹೇಳಲಿಲ್ಲ. ಪ್ರತಿ ವರ್ಷ ಕೊಯ್ಲಿನ ಮೂರು ವಾರ ಮಾತ್ರ ತಾನೇ ಎಂದರು. ಎರಡು ಕೀಲಿ: ಒಂದು ಗಾಸ್ಪಾರನ ಬಾಗಿಲ ಮೊಳೆಗೆ, ಇನ್ನೊಂದು ರೆಜಿಸನ ಜೇಬಿಗೆ.

"ನಿನ್ನ ಸೈಕಲ್ಲೋರಿಗೋಸ್ಕರ ನನ್ ದ್ರಾಕ್ಷಿ ಊರೆಲ್ಲ ಸುತ್ತಬೇಕೇನೋ ಮುದುಕಾ?" ಎಂದು ನೋರ್ಬೆರ್ ರೇಗಿದ್ದ.

"ದ್ರಾಕ್ಷಿಗೇನು ಮಂಡಿನೋವಾ? ಸುತ್ತಲಿ ಬಿಡು," ಎಂದಿದ್ದ ಗಾಸ್ಪಾರ್.

*

ಇಪ್ಪತ್ತಮೂರು ಹಳ್ಳಿಗೆ ಒಬ್ಬ ಪಾದ್ರಿ. ಅವನಿಗೆ ಇವತ್ತು ಬೇರೆಲ್ಲೋ ಮದುವೆ. ಅಂಚೆ ಹಂಚುತ್ತಿದ್ದ ಒದಿಲ್ ಇಗರ್ಜಿಯಲ್ಲಿ ಪ್ರಾರ್ಥನೆ ನಡೆಸಿದಳು. ಗಾಸ್ಪಾರ್ ಇದ್ದ ದಾರಿಯಲ್ಲಿ ತಾಯಂದಿರು ಮಕ್ಕಳ ಕೈ ಬಿಟ್ಟು ನಡೆಯಬಹುದಿತ್ತು ಎಂದಳು. ಆಮೇಲೆ, ಒಳ್ಳೆಯ ಮನಸ್ಸಿನಿಂದಲೇ, ಎಲ್ಲರನ್ನೂ ಕಾದ ಮನುಷ್ಯ ಒಂದು ಕೀಲಿಯನ್ನು ಕಾಯಲಾರದೆ ಹೋದ, ಅವನ ಮರೆವನ್ನು ನಾವೆಲ್ಲ ಕ್ಷಮಿಸೋಣ ಎಂದಳು.

ಮೊದಲ ಬೆಂಚಿನಲ್ಲಿ ಸೊಲಾಂಜ್ ಹೌದೆನ್ನುವಂತೆ ತಲೆಯಾಡಿಸಿದ್ದನ್ನು ರೆಜಿಸ್ ಪಕ್ಕದಿಂದ ನೋಡಿದ.

*

ಸೋಮವಾರ ರೆಜಿಸ್ ತನ್ನ ಕೀಲಿಯನ್ನು ಕಾಲುವೆಗೆ ಬೀಳಿಸಿಕೊಂಡಿದ್ದ. ಗಾಸ್ಪಾರ್ ಬಾಯಿತುಂಬ ಬೈದು, ಮೊಳೆಯ ಮೇಲಿನದನ್ನು ತೆಗೆದು ಕೊಟ್ಟ. "ಶುಕ್ರವಾರದ ಸಂತೇಲಿ ಇನ್ನೊಂದು ಮಾಡಿಸ್ಕೊಂಡು ಬಾ. ಹೋಗ್ತಾ ಸೊಲಾಂಜ್‌ಗೆ ಒಂದ್ಮಾತು ಹೇಳು. ಮೊಳೆ ಖಾಲಿ ಕಂಡ್ರೆ ಮನೆ ತಲೆಕೆಳಗೆ ಮಾಡ್ತಾಳೆ."

ಸೊಲಾಂಜ್ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ನಾಳೆ ಹೇಳಿದರಾಯಿತು ಎಂದುಕೊಂಡು ರೆಜಿಸ್ ಸೈಕಲ್ ಹತ್ತಿದ.

ಬುಧವಾರ ಮಧ್ಯಾಹ್ನ ಗಾಸ್ಪಾರ್ ಅಂಗಳದಲ್ಲಿ ಕುಸಿದಾಗ ರೆಜಿಸ್ ಬೆಟ್ಟದಾಚೆಯ ತೋಟದಲ್ಲಿ, ನೋರ್ಬೆರನ ಕೊಯ್ಲಿನವರ ಉದ್ದನೆಯ ಮೇಜಿನಲ್ಲಿ, ವೈನಿನಲ್ಲಿ ಬೆಂದ ದನದ ಮಾಂಸಕ್ಕೆ ಬ್ರೆಡ್ಡು ಅದ್ದುತ್ತಿದ್ದ. ಆಂಬುಲೆನ್ಸು ಅಡ್ಡಕಂಬಿಯವರೆಗೆ ಆರು ನಿಮಿಷದಲ್ಲಿ ಬಂತು. ಅವರಲ್ಲಿ ಮುಮ್ಮೂಲೆ ಕೀಲಿ ಇತ್ತು, ಈ ಬೀಗದ ಸುದ್ದಿ ಇರಲಿಲ್ಲ. ಸೊಲಾಂಜ್ ಮೊಳೆಗೆ ಓಡಿ, ಡ್ರಾಯರಿಗೆ ಓಡಿ, ಮತ್ತೆ ಗಂಡನ ಹತ್ತಿರ ಓಡಿ ಬಂದಳು. ಆಂಬುಲೆನ್ಸಿನವರು ಸರಪಳಿಯೊಂದಿಗೆ ಹೆಣಗಿ, ಕಡೆಗೆ ಒಬ್ಬನನ್ನು ಅಲ್ಲೇ ಬಿಟ್ಟು, ಒಂಬೈನೂರು ಮೀಟರು ಚೀಲ ಹೊತ್ತು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

*

ಇಗರ್ಜಿಯಿಂದ ಸ್ಮಶಾನಕ್ಕೆ ಏರುದಾರಿ. ವ್ಯಾನು ಮುಂದೆ ನಿಧಾನಕ್ಕೆ ಹೋಗುತ್ತಿತ್ತು. ಸೊಲಾಂಜ್ ರೆಜಿಸನ ತೋಳಿಗೆ ಭಾರ ಬಿಟ್ಟು ನಡೆಯುತ್ತಿದ್ದಳು. ಹಿಂದೆ ನಲವತ್ತು ಜನ. ಗೋರಿ ಕಲ್ಲಿನ ಮೇಲೆ ಏನು ಕೆತ್ತಿಸಲಿ ಎಂದು ಅವಳು ಕೇಳಿದಳು. ಮರೆಗುಳಿ ಅಂತ ಹಾಕಿಸೋದಕ್ಕಾಗಲ್ಲವಲ್ಲ ಎಂದಳು. ಅವಳ ದನಿಯಲ್ಲಿ ಅಳುವಿಗಿಂತ ಸಿಟ್ಟು ಹೆಚ್ಚಿತ್ತು. ಸತ್ತವನ ಮೇಲಿನ ಆ ಸಿಟ್ಟು ಇನ್ನು ಅವಳು ಇರುವಷ್ಟು ದಿನ ಇರುತ್ತದೆ ಎಂದು ರೆಜಿಸನಿಗೆ ಅನ್ನಿಸಿತು.

"ಅವನು ಕಳ್ಕೊಳ್ಳಲಿಲ್ಲ ಸೊಲಾಂಜ್," ಎಂದ. "ಮೊಳೆ ಮೇಲಿನ ಕೀಲಿ ನನ್ನ ಹತ್ರ ಇತ್ತು."

ಅವಳು ನಡೆಯುತ್ತಲೇ ಇದ್ದಳು. ಕೇಳಿಸಲಿಲ್ಲವೇನೋ ಎಂದು ಅವನು ಮತ್ತೆ ಹೇಳಿದ.

"ಯಾವತ್ತಿಂದ?"

"ಸೋಮವಾರದಿಂದ. ಅವನೇ ಕೊಟ್ಟ. ನಿನಗೆ ಹೇಳು ಅಂದಿದ್ದ. ನಾನು ಹೇಳ್ಲಿಲ್ಲ."

ಹಿಂದೆ ನೋರ್ಬೆರ್ ಯಾರಿಗೋ ಈ ಸಲದ ದ್ರಾಕ್ಷಿಯ ಸಿಹಿಯ ಬಗ್ಗೆ ತಗ್ಗಿದ ದನಿಯಲ್ಲಿ ಹೇಳುತ್ತಿದ್ದ.

"ಹಾಗಾದ್ರೆ ಅವನು ನಿನ್ನ ಕರೀಲಿಲ್ಲ," ಎಂದಳು ಸೊಲಾಂಜ್. "ನಾನು ಕೇಳಿದ್ದಕ್ಕೆ ಉತ್ತರ ಹೇಳ್ದ."

"ಹೌದು."

"ನಾನು ಅವನ ಭುಜ ಹಿಡಿದು ಅಲ್ಲಾಡಿಸಿದೆ ರೆಜಿಸ್. ಎಲ್ಲಿಟ್ಟೆಯೋ ದರಿದ್ರದವನೇ ಅಂದೆ. ಅವನು ಕೇಳಿಸ್ಕೊಂಡು ಹೋದ."

ಅವನು ಕೀಲಿ ತೆಗೆದು ಅವಳ ಅಂಗೈಗೆ ಇಟ್ಟ. ಅವಳು ನೋಡಲಿಲ್ಲ, ಕೋಟಿನ ಜೇಬಿಗೆ ಬಿಟ್ಟುಕೊಂಡಳು. ಅವನ ತೋಳನ್ನು ಮಾತ್ರ ಬಿಡಲಿಲ್ಲ. ಏರು ಕಡಿದಾಗಿತ್ತು, ಅವಳಿಗೆ ಎಪ್ಪತ್ತಾಗಿತ್ತು.

ಗೋರಿಯ ಬಾಯಲ್ಲಿ ಹಗ್ಗಗಳು ಇಳಿದು ಮೇಲೆ ಬಂದವು. ಒದಿಲ್ ತೀರ್ಥದ ಬಕೆಟ್ಟನ್ನು ಹುಲ್ಲಿನ ಮೇಲಿಟ್ಟು, ಚಿಮುಕಿಸುವ ಹಿತ್ತಾಳೆ ಕಡ್ಡಿಯನ್ನು ಸೊಲಾಂಜಳ ಕೈಗೆ ಕೊಟ್ಟಳು. ಸೊಲಾಂಜ್ ಚಿಮುಕಿಸಿ ಪಕ್ಕದವರಿಗೆ ಕೊಡಬೇಕು, ಅವರು ಅವರ ಪಕ್ಕದವರಿಗೆ. ಹಾಗೆ ಕೈಯಿಂದ ಕೈಗೆ ಅದು ಊರನ್ನೆಲ್ಲ ದಾಟಿ ಬರಬೇಕು. ಪಕ್ಕದಲ್ಲಿ ಇದ್ದವನು ರೆಜಿಸ್.

ಅವಳು ಒಂದು ಸಲ ಅದ್ದಿ ಚಿಮುಕಿಸಿದಳು. ಯಾಕೋ ಮತ್ತೊಮ್ಮೆ ಅದ್ದಿ ಚಿಮುಕಿಸಿದಳು. ಕೆಳಗೆ ಮರದ ಮೇಲೆ ಹನಿ ಬಿದ್ದ ಸದ್ದು ಬಂತು. ರೆಜಿಸ್ ಕೈ ಚಾಚಿದ.

ಸೊಲಾಂಜ್ ಬಗ್ಗಿ ಕಡ್ಡಿಯನ್ನು ಬಕೆಟ್ಟಿನಲ್ಲಿ ಇಟ್ಟಳು. ಜೋರಾಗಿ ಅಲ್ಲ, ಅಡುಗೆ ಮುಗಿದ ಮೇಲೆ ಸೌಟು ಇಡುವ ಹಾಗೆ. ಆಮೇಲೆ ಒಬ್ಬಳೇ ಸ್ಮಶಾನದ ಬಾಗಿಲ ಕಡೆಗೆ ನಡೆದಳು.

ಕಡ್ಡಿ ಬಕೆಟ್ಟಿನ ಅಂಚಿಗೆ ಒರಗಿ ನಿಂತಿತ್ತು. ರೆಜಿಸ್ ಬಗ್ಗಲಿಲ್ಲ, ಚಾಚಿದ ಕೈಯನ್ನು ಹಿಂದಕ್ಕೂ ತೆಗೆದುಕೊಳ್ಳಲಿಲ್ಲ. ಅವನ ಹಿಂದೆ ನಲವತ್ತು ಜನರ ಸಾಲು, ಟೋಪಿಗಳನ್ನು ಎದೆಗೆ ಹಿಡಿದುಕೊಂಡು, ತಮ್ಮ ಸರದಿಗೆ ಕಾಯುತ್ತ ನಿಂತಿತ್ತು.