ಕಣಜದೊಳಗೆ ತೆಗೆದ ಪಟ

ಮಧುಗಿರಿಯ ಹೆಣ್ಣುಮಕ್ಕಳ ಸ್ಕೂಲಿನ ಮುಖ್ಯೋಪಾಧ್ಯಾಯಿನಿ ರಾಜಲಕ್ಷ್ಮಮ್ಮನಿಗೆ ಭಾನುವಾರ ಬಂತೆಂದರೆ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ತೀರಿಹೋದ ಗಂಡ ಬಿಟ್ಟುಹೋಗಿದ್ದ ಕ್ಯಾಮೆರಾ, ಅದರ ಮುಕ್ಕಾಲಿ, ಕರಿಬಟ್ಟೆ, ಗಾಜಿನ ಪ್ಲೇಟುಗಳ ಪೆಟ್ಟಿಗೆ ಎಲ್ಲವನ್ನೂ ಕಟ್ಟಿಕೊಂಡು ಹೊರಡುವಳು. ತುಮಕೂರಿನಲ್ಲಿ ಗುಮಾಸ್ತನಾಗಿದ್ದ ತಮ್ಮ ಶಂಕರಲಿಂಗಪ್ಪ ಶನಿವಾರ ಸಂಜೆಯ ಬಸ್ಸಿಗೆ ಬಂದು ಜೊತೆಯಾಗುತ್ತಿದ್ದ. ೧೯೩೪ರ ಆ ಬೇಸಗೆಯ ಹೊತ್ತಿಗೆ ಸಿರಾದ ಕಲ್ಲಿನ ಮಸೀದಿ, ಪಾವಗಡದ ಕೋಟೆ, ಕೊರಟಗೆರೆ ಬಳಿಯ ಸಿದ್ಧರಬೆಟ್ಟ ಎಲ್ಲದರ ಪಟ ತೆಗೆದಾಗಿತ್ತು. ದಿನವೂ ಕಣ್ಣೆದುರಿಗೇ ಇದ್ದ ಮಧುಗಿರಿ ಬೆಟ್ಟವೊಂದೇ ಉಳಿದಿತ್ತು.

ಬೆಟ್ಟದ ಕೋಟೆಯನ್ನು ಕಾಯುತ್ತಿದ್ದವನು ಕಾಟಪ್ಪ. ಅವನ ಅಪ್ಪ, ತಾತ ಎಲ್ಲರೂ ಅದೇ ಕೆಲಸ ಮಾಡಿದವರು. ಅವನ ಹೆಂಡತಿ ಲಕ್ಷ್ಮಕ್ಕ ಸ್ಕೂಲಿನಲ್ಲಿ ಆಯಾ; ದಿನವೂ ಗಂಟೆ ಬಾರಿಸುತ್ತಿದ್ದವಳೂ ಅವಳೇ. ಭಾನುವಾರ ಬೆಳಿಗ್ಗೆ ಕೋಟೆಯ ಮೊದಲ ಬಾಗಿಲಲ್ಲಿ ಕಾಟಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಕಾಯುತ್ತಿದ್ದ. ಶಂಕರಲಿಂಗಪ್ಪನ ಹತ್ತಿರ ಬಂದವನೇ ಮೂಗು ಅರಳಿಸಿದ.

"ಸ್ವಾಮೀ, ತಲೆಗೆ ಏನೋ ಗಮಗಮ ಎಣ್ಣೆ ಹಚ್ಕೊಂಡಿದ್ದೀರಲ್ಲ, ಒರೆಸ್ಕೊಂಬುಡಿ. ಮ್ಯಾಲೆ ಹೆಜ್ಜೇನು ಕಟ್ಟೈತೆ. ಮೂರು ದಿನದಿಂದ ಅವು ಸರಿಯಾಗಿಲ್ಲ."

"ಸರಿಯಾಗಿಲ್ಲ ಅಂದ್ರೇನಯ್ಯ?" ಶಂಕರಲಿಂಗಪ್ಪ ನಕ್ಕ.

"ಹದ್ದು ಬಂದು ಒಂದು ಹುಟ್ಟು ಕಿತ್ತಾಕೈತೆ. ಮನೆ ಕೆಟ್ಟೋದ್ಮೇಲೆ ಸುಮ್ಕೆ ಇರ್ತವಾ? ನೆಳ್ಳು ಕಂಡ್ರೂ ಏಳ್ತವೆ."

"ಹಾಗಾದರೆ ಮುಂದಿನ ವಾರ ಬರೋಣವೇನೋ ಶಂಕರ," ಎಂದಳು ರಾಜಲಕ್ಷ್ಮಮ್ಮ. ಮಾತು ಆಡಿದಳೇ ಹೊರತು ಕಾಲು ಮೆಟ್ಟಿಲ ಮೇಲಿತ್ತು. ತಮ್ಮ ಬೆಂಗಳೂರಿನಿಂದ ತರಿಸಿದ್ದ ಬೆಳಕಿನ ಪುಡಿ ಅವಳ ಚೀಲದಲ್ಲಿತ್ತು. ತಗಡಿನ ತಟ್ಟೆಯಲ್ಲಿ ಸುರಿದು ಕಿಡಿ ತಾಗಿಸಿದರೆ ಕಗ್ಗತ್ತಲೆಯೂ ಒಂದು ಕ್ಷಣ ಹಗಲಾಗುತ್ತದಂತೆ. ಬೆಟ್ಟದ ಮೇಲೆ ಹಿಂದೆ ದವಸ ತುಂಬಿಡುತ್ತಿದ್ದ ಹಳೆಯ ಕಣಜದ ಒಳಗಿನ ಪಟವನ್ನು ಅದುವರೆಗೆ ಯಾರೂ ತೆಗೆದಿರಲಿಲ್ಲ.

ಬಂಡೆ ಕಡಿದು ಮಾಡಿದ ಮೆಟ್ಟಿಲು ಹತ್ತುತ್ತ ಹೋದಂತೆ ಊರಿನ ಸದ್ದು ಕೆಳಗೇ ಉಳಿಯಿತು. ಗಾಳಿ ಇರಲಿಲ್ಲ. ಕಾಟಪ್ಪ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದ. ಮಾತಾಡಬೇಡಿರೆಂದು ತುಟಿಗೆ ಬೆರಳಿಟ್ಟ. ಕಣಜದ ಹತ್ತಿರ ಬಂದಾಗ ರಾಜಲಕ್ಷ್ಮಮ್ಮನಿಗೆ ಎಲ್ಲಿಂದಲೋ ಒಂದು ಮೊರೆತ ಕೇಳಿಸಿತು. ತಲೆಯೆತ್ತಿದಳು. ಬಾಗಿಲ ಮೇಲೆ ಚಾಚಿದ ಬಂಡೆಯಡಿ ಏಳೆಂಟು ಹುಟ್ಟುಗಳು, ಒಂದೊಂದೂ ಮೊರದಗಲ, ಕಪ್ಪಗೆ ಜೋತು ಬಿದ್ದಿದ್ದವು. ಅವುಗಳ ಮೈಮೇಲೆ ಅಲೆ ಎದ್ದು ಎದ್ದು ಅಡಗುತ್ತಿತ್ತು.

ಮೂವರೂ ಉಸಿರು ಬಿಗಿಹಿಡಿದು ಒಳಗೆ ಹೋದರು. ಅವಳು ಕ್ಯಾಮೆರಾ ನಿಲ್ಲಿಸಿ ಪ್ಲೇಟು ಸೇರಿಸಿದಳು. ಪಕ್ಕದಲ್ಲಿ ತಮ್ಮ ತಟ್ಟೆಗೆ ಪುಡಿ ಸುರಿದ. ಅದನ್ನು ನೋಡಿ ಕಾಟಪ್ಪ ಹತ್ತಿರ ಬಂದ.

"ಏನದು?"

"ಬೆಳಕಿಗೆ," ಎಂದ ಶಂಕರಲಿಂಗಪ್ಪ.

"ಹೊಗೆ ಬತ್ತದಾ?"

ಶಂಕರಲಿಂಗಪ್ಪ ಅಕ್ಕನ ಕಡೆ ನೋಡಿದ. ಅವಳು ಕ್ಯಾಮೆರಾದ ಕಣ್ಣಿನ ಮುಚ್ಚಳ ತೆಗೆದಳು. "ಬ್ಯಾಡ!" ಎಂದು ಕೂಗುತ್ತ ಕಾಟಪ್ಪ ಎರಡೂ ಕೈ ಚಾಚಿ ಕ್ಯಾಮೆರಾದ ಎದುರಿಗೆ ನುಗ್ಗಿದ. ಅದೇ ಕ್ಷಣ ಶಂಕರಲಿಂಗಪ್ಪ ತಾಗಿಸಿದ ಕಿಡಿಗೆ ಪುಡಿ ಭಗ್ಗೆಂದಿತು.

ಅಭ್ಯಾಸಬಲದಿಂದ ಅವಳ ಕೈ ಮುಚ್ಚಳ ಹಾಕಿತು. ಬಿಳಿಯ ಹೊಗೆ ಉಂಡೆಯಾಗಿ ಉರುಳಿಕೊಂಡು ಬಾಗಿಲಿಂದ ಹೊರಗೆ ಹೋಯಿತು. ಮೊರೆತ ನಿಂತಿತು. ಆಮೇಲೆ ಬಾಗಿಲಲ್ಲಿದ್ದ ಬೆಳಕೇ ಕಪ್ಪಾಯಿತು.

ರಾಜಲಕ್ಷ್ಮಮ್ಮ ಕರಿಬಟ್ಟೆ ಹೊದ್ದು ಮೂಲೆಗೆ ಮುದುಡಿದಳು. ಶಂಕರಲಿಂಗಪ್ಪ ಕಿರುಚುತ್ತ ಹೊರಗೋಡಿದ. ಆಚೆ ನಾಲ್ಕು ಮಾರು ದಾಟಿದರೆ ನುಣ್ಣನೆಯ ಇಳಿಜಾರು, ಅದರಾಚೆ ಬರೀ ಆಕಾಶ. ಕಾಟಪ್ಪ ಅವನ ಹಿಂದೆ ಓಡಿ, ಕೆಡವಿ, ತನ್ನ ಕಂಬಳಿಯನ್ನು ಅವನ ಮೇಲೆ ಹೊದಿಸಿ, ಅಂಚು ಮೇಲೇಳದಂತೆ ತಾನೇ ಅಡ್ಡ ಬಿದ್ದುಕೊಂಡ. ಅವನ ಮೈಮೇಲೆ ಒಂದು ಹಳೆಯ ಬನಿಯನ್ನಿನ ಹೊರತು ಏನೂ ಇರಲಿಲ್ಲ.

ಊರವರು ಜೇನು ಓಡಿಸಲು ಹಸಿಸೊಪ್ಪಿನ ಹೊಗೆ ಹಾಕಿಕೊಂಡು ಮೇಲೆ ಬರುವ ಹೊತ್ತಿಗೆ ನಡುಮಧ್ಯಾಹ್ನ. ಅಕ್ಕ ತಮ್ಮ ಇಬ್ಬರ ಕೈಮುಖವೂ ಊದಿತ್ತು, ಅಷ್ಟೇ. ಕಾಟಪ್ಪನನ್ನು ಬುಟ್ಟಿಯಲ್ಲಿ ಕೂರಿಸಿ ಇಳಿಸಬೇಕಾಯಿತು. ಮೂರನೆಯ ದಿನ ಅವನು ತೀರಿಕೊಂಡ.

ಮಣ್ಣು ಮಾಡಿದ ಮಾರನೆಯ ದಿನ ಲಕ್ಷ್ಮಕ್ಕ ಸ್ಕೂಲಿನ ಜಗಲಿಗೆ ಬಂದು ನಿಂತಳು. ಅತ್ತಿರಲಿಲ್ಲ.

"ಅಮ್ಮಾವ್ರೇ, ದಫೇದಾರ ಚನ್ನಮಲ್ಲಯ್ಯ ಬಂದಿದ್ದ. ಜೇನು ಕದಿಯಾಕೆ ನಮ್ಮೋರೇ ಬೆಂಕಿ ಹಚ್ಚಿದ್ರಂತೆ. ಹಂಗಂತ ನಿಮ್ಮ ತಮ್ಮ ಠಾಣೇಲಿ ಬರ್ಸವ್ರಂತೆ. ನಿಜವಾ?"

ಲಕ್ಷ್ಮಕ್ಕ ಸ್ವಲ್ಪ ಹೊತ್ತು ಕಾದು ಹೊರಟುಹೋದಳು.

ಮನೆಯಲ್ಲಿ ಶಂಕರಲಿಂಗಪ್ಪ ಮುಖಕ್ಕೆ ಸುಣ್ಣ ಹಚ್ಚಿಕೊಂಡು ಮಲಗಿದ್ದ. "ಸತ್ತವನಿಗೆ ಏನಾದರೇನಕ್ಕ?" ಎಂದ. "ನಿಜ ಹೇಳಿದರೆ ನನ್ನ ಕೆಲಸ ಹೋಗುತ್ತೆ. ನಿನ್ನದೂ ಉಳಿಯೋದಿಲ್ಲ."

ಅವಳು ಬಚ್ಚಲಮನೆಗೆ ಹೋಗಿ ಕಿಟಕಿಗೆ ಜಮಖಾನ ಹೊದಿಸಿದಳು. ಊರವರು ಕೆಳಗೆ ತಂದಿಟ್ಟಿದ್ದ ಕ್ಯಾಮೆರಾದಿಂದ ಪ್ಲೇಟು ತೆಗೆದು, ಕೆಂಪು ದೀಪದ ಬೆಳಕಿನಲ್ಲಿ ತೊಳೆದಳು. ಒಣಗಿದ ಮೇಲೆ ಕಾಗದಕ್ಕೆ ಇಳಿಸಿದಳು. ಮೊದಲು ಎರಡು ಅಂಗೈ ಮೂಡಿದವು, ಆಮೇಲೆ ತೆರೆದ ಬಾಯಿ. ಕಣಜದ ಗೋಡೆಯ ಮುಂದೆ ಕಾಟಪ್ಪ ನಿಂತಿದ್ದ. ಬೆಳಕು ಎದುರಿನಿಂದ ಅವನ ಮೇಲೆ ಬಿದ್ದಿತ್ತು. ಅವನ ಎರಡು ಕೈಯೂ ಖಾಲಿ.

ಸಂಜೆಗೆ ಮುಂಚೆ ಅವಳು ಠಾಣೆಗೆ ಹೋದಳು. ದಫೇದಾರ ಪಟವನ್ನು ತಿರುಗಿಸಿ ತಿರುಗಿಸಿ ನೋಡಿದ.

"ಹಾಗಾದರೆ ಬೆಂಕಿ ಹಚ್ಚಿದ್ದು?"

"ನನ್ನ ತಮ್ಮ. ಅವನು ನನ್ನ ಸನ್ನೆಗೆ ಕಾಯುತ್ತಿದ್ದ. ಮುಚ್ಚಳ ತೆಗೆದವಳು ನಾನು. ಎರಡನ್ನೂ ಬರೆದುಕೊಳ್ಳಿ."

ಅವಳು ಹಿಂದಿರುಗುವಷ್ಟರಲ್ಲಿ ಶಂಕರಲಿಂಗಪ್ಪ ಪೆಟ್ಟಿಗೆ ಎತ್ತಿಕೊಂಡು ತುಮಕೂರಿನ ಬಸ್ಸು ಹತ್ತಿದ್ದ. ಅಕ್ಕನಿಗೆ ಒಂದು ಚೀಟಿಯನ್ನೂ ಬರೆದಿಟ್ಟಿರಲಿಲ್ಲ.

ಕಾಟಪ್ಪನ ಹೆಸರಿನ ಮೇಲಿದ್ದ ಕಳ್ಳತನದ ಮಾತು ಒಂದು ವಾರದಲ್ಲಿ ಅಳಿಯಿತು. ಆ ಸುದ್ದಿ ಹೇಳಲು ರಾಜಲಕ್ಷ್ಮಮ್ಮ ಬೆಟ್ಟದ ಬುಡದಲ್ಲಿದ್ದ ಲಕ್ಷ್ಮಕ್ಕನ ಮನೆಗೆ ಹೋದಾಗ ಪಟದ ಇನ್ನೊಂದು ಪ್ರತಿಯನ್ನೂ ಒಯ್ದಿದ್ದಳು. ಲಕ್ಷ್ಮಕ್ಕ ಅದನ್ನು ಬಿಸಿಲಿಗೆ ಹಿಡಿದು ತುಂಬಾ ಹೊತ್ತು ನೋಡಿದಳು.

"ನಮ್ಮೋರು ಏನಂತ ಕೂಗ್ತಾ ಅವ್ರೆ, ಅಮ್ಮಾವ್ರೇ?"

"ಬೇಡ ಅಂತ."

"ನಿಮಗೆ ಕೇಳಿಸ್ತಾ?"

"ಕೇಳಿಸ್ತು, ಲಕ್ಷ್ಮಕ್ಕ."

ಲಕ್ಷ್ಮಕ್ಕ ಪಟವನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿದಳು. ಸೋಮವಾರ ಸ್ಕೂಲಿನ ಗಂಟೆಯನ್ನು ರಾಜಲಕ್ಷ್ಮಮ್ಮನೇ ಬಾರಿಸಿದಳು.