ನಾಣ್ಯ ಹಾಕಿದ ಅಂಕ

ಮನಶ್ಶಾಸ್ತ್ರ ಓದುತ್ತಿದ್ದ ತಂಗಿಗೆ ಎರಡನೇ ವರ್ಷದಲ್ಲಿ ಸ್ವಂತ ಪ್ರಯೋಗ ಮಾಡುವ ಯೋಗ ಬಂತು. ಬಂದವರಿಗೆ ಮೂವತ್ತು ಒಗಟಿನ ಹಾಳೆ ಕೊಡಬೇಕು. ಅವರು ಬರೆದ ಉತ್ತರವನ್ನು ಕಣ್ಣೆತ್ತಿಯೂ ನೋಡದೆ, ಅವರಿಗೆ ಕಾಣದಂತೆ ನಾಣ್ಯ ಚಿಮ್ಮಬೇಕು. ಹೆಡ್ ಬಿದ್ದರೆ ‘ಸರಾಸರಿಗಿಂತ ಜಾಸ್ತಿ’, ಟೇಲ್ ಬಿದ್ದರೆ ‘ಸರಾಸರಿಗಿಂತ ಕಡಿಮೆ’ ಎಂದು ಹೇಳಬೇಕು. ಆಮೇಲೆ ಬಿಡಿಸಲಾಗದ ಒಂದು ಒಗಟು ಕೊಟ್ಟು, ಎಷ್ಟು ಹೊತ್ತಿಗೆ ಕೈಚೆಲ್ಲುತ್ತಾರೆ ಎಂದು ಗಡಿಯಾರ ಹಿಡಿದು ಕೂರಬೇಕು. ಇಪ್ಪತ್ತು ಜನರದೂ ಮುಗಿಯುವ ತನಕ ಗುಟ್ಟು ಬಿಡುವಂತಿಲ್ಲ. ಎರಡು ವಾರ ಬಿಟ್ಟು ಸೋಮವಾರ ಎಲ್ಲರನ್ನೂ ಕೂರಿಸಿ ನಿಜ ಹೇಳುವುದು.

ಮನೆಯವರ ಮೇಲೆ ಮಾತ್ರ ಪ್ರಯೋಗ ಬೇಡ ಎಂದು ಕಾಲೇಜಿನ ಮೇಡಂ ಖಡಾಖಂಡಿತವಾಗಿ ಹೇಳಿದ್ದರು. ಆದರೆ ಮೊದಲ ದಿನವೇ ಒಬ್ಬರು ಕೈಕೊಟ್ಟರು. ಅದೇ ಹೊತ್ತಿಗೆ ತಂಗಿ ಮರೆತುಬಂದ ಊಟದ ಡಬ್ಬಿ ಹಿಡಿದು ಅಕ್ಕ ಬಾಗಿಲಲ್ಲಿ ನಿಂತಿದ್ದಳು.

ಅಕ್ಕ ಆಸ್ಪತ್ರೆಯ ಲಾಂಡ್ರಿಯಲ್ಲಿ ಹನ್ನೆರಡು ವರ್ಷದಿಂದ ನರ್ಸುಗಳ ಬಟ್ಟೆಗೆ ಇಸ್ತ್ರಿ ಹಾಕುವವಳು. ಅವ್ವ ಹೋದ ಮೇಲೆ ತಂಗಿಯನ್ನು ಓದಿಸಿದವಳು. ಈಗ ತಾನೂ ನರ್ಸಿಂಗ್ ಪ್ರವೇಶ ಪರೀಕ್ಷೆಗೆ ಕಟ್ಟಿದ್ದಳು. ವಯಸ್ಸಿನ ಮಿತಿಯ ಪ್ರಕಾರ ಇದೇ ಕೊನೆಯ ಸಲ, ಪರೀಕ್ಷೆ ಆ ನಿಜ ಹೇಳುವ ಸೋಮವಾರದ ಹಿಂದಿನ ದಿನ.

“ನಾನೇ ಕೂತ್ಕೋತೀನಿ ಬಿಡೆ. ಪರೀಕ್ಷೆಗೂ ಅಭ್ಯಾಸ ಆಗುತ್ತೆ,” ಎಂದಳು ಅಕ್ಕ.

ನಾಣ್ಯ ಟೇಲ್ ಬಿತ್ತು. ತಂಗಿ ನಾಲ್ಕು ದಿನ ಕನ್ನಡಿ ಮುಂದೆ ರೂಢಿಸಿಕೊಂಡಿದ್ದ ಕಲ್ಲಿನಂಥ ಮುಖದಲ್ಲಿ ಓದಿದಳು: “ನಿಮ್ಮ ಅಂಕ ನಿಮ್ಮ ವಯಸ್ಸಿನವರ ಸರಾಸರಿಗಿಂತ ಕಡಿಮೆ ಬಂದಿದೆ.” ಒಡಹುಟ್ಟಿದವಳಿಗೆ ‘ನಿಮ್ಮ’! ಅಕ್ಕ ನಗಲಿಲ್ಲ. ಕೊನೆಯ ಒಗಟನ್ನು ಎರಡೇ ನಿಮಿಷಕ್ಕೆ ಪಕ್ಕಕ್ಕಿಟ್ಟಳು.

ಮನೆಯಲ್ಲಿ ಒಂದು ಮಾತು ಪಿಸುಗುಟ್ಟಿದ್ದರೆ ಇವಳಪ್ಪನ ಗಂಟೇನು ಹೋಗುತ್ತಿತ್ತು? ನಾಲಿಗೆಯ ತುದಿಗೆ ಬಂದದ್ದನ್ನು ತಂಗಿ ಎರಡು ಸಲ ನುಂಗಿದಳು. ನಿಯಮ ಅಂದರೆ ನಿಯಮ. ಅಕ್ಕನ ದಿಂಬಿನ ಪಕ್ಕದ ಪುಸ್ತಕಗಳು ಕಾಣದಾದಾಗ, ಕೆಲಸದ ಜಾಗದಲ್ಲಿ ಓದುತ್ತಿರಬೇಕು ಎಂದುಕೊಂಡಳು.

ಆ ಭಾನುವಾರ ಎದ್ದು ನೋಡಿದರೆ ಅಕ್ಕ ಮೇಜಿನ ಮೇಲೆ ಬಟ್ಟೆ ಹರವಿಕೊಂಡು ಇಸ್ತ್ರಿ ಹಾಕುತ್ತಿದ್ದಳು. ಗಂಟೆ ಹನ್ನೊಂದಾಗಿತ್ತು.

“ಅಕ್ಕಾ, ಪರೀಕ್ಷೆ?”

“ಹೋಗಲಿಲ್ಲ ಕಣೆ. ಆಗದಿರೋದಕ್ಕೆ ಯಾಕೆ ಆಸೆ ಪಡೋದು? ಸದ್ಯ, ನಿನ್ನಿಂದ ಮೊದಲೇ ಗೊತ್ತಾಯ್ತು.”

ತಂಗಿ ಅತ್ತುಬಿಟ್ಟಳು. ನಾಣ್ಯ, ನಿಯಮ, ಸೋಮವಾರ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಓಡಿಹೋಗಿ ಚೀಲದಿಂದ ಅಕ್ಕನ ಹಾಳೆ ತಂದು, ಯಾರೂ ತಿದ್ದದ ಆ ಉತ್ತರಗಳನ್ನು ಅವಳ ಕಣ್ಣೆದುರೇ ತಿದ್ದಿದಳು. ಮೂವತ್ತಕ್ಕೆ ಇಪ್ಪತ್ತೇಳು! ಉಳಿದವರ ಹಾಳೆಗಳನ್ನೂ ಸುರಿದು ತಿದ್ದುತ್ತಾ ಹೋದಳು. ಇಪ್ಪತ್ತೆರಡು ದಾಟಿದವರು ಒಬ್ಬರೂ ಇರಲಿಲ್ಲ.

“ನೋಡಕ್ಕ, ನೀನೇ ಎಲ್ಲರಿಗಿಂತ ಮೇಲೆ. ಆವತ್ತು ನಾನು ಹೇಳಿದ್ದು ಸುಳ್ಳು. ಅವ್ವನಾಣೆ.”

ಅಕ್ಕ ಇಸ್ತ್ರಿಪೆಟ್ಟಿಗೆ ನಿಲ್ಲಿಸಿಟ್ಟು ತಂಗಿಯ ಕೆನ್ನೆ ಒರೆಸಿದಳು. ಅವಳಿಗೆ ಸಿಟ್ಟು ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು.

“ನನ್ನ ಸಮಾಧಾನಕ್ಕೆ ಇಷ್ಟೆಲ್ಲ ಕಟ್ಟಬೇಡ ಕಣೆ,” ಎಂದಳು. “ಚಿಕ್ಕವಳಿದ್ದಾಗಿಂದ ನೋಡಿದ್ದೀನಿ, ಸುಳ್ಳು ಹೇಳುವಾಗೆಲ್ಲ ನೀನು ಹೀಗೇ ಅಳ್ತೀಯ. ಆವತ್ತು ನಿನ್ನ ಮುಖ ಎಷ್ಟು ನಿಶ್ಚಿಂತೆಯಾಗಿತ್ತು.”

ಆಮೇಲೆ ಹಾಳೆಗಳನ್ನೆಲ್ಲ ಒಪ್ಪವಾಗಿ ಜೋಡಿಸಿ ತಂಗಿಯ ಕೈಗಿಟ್ಟು, ನಾಳೆ ಅವಳು ಕಾಲೇಜಿಗೆ ಹಾಕಿಕೊಂಡು ಹೋಗುವ ಬಿಳಿ ಅಂಗಿಯನ್ನು ಮೇಜಿನ ಮೇಲೆ ಹರವಿದಳು.